ಮಾಳವ್ವನ್ನ ಕರೆದಪ್ಪ

ಕೃಷ್ಣಾ ಹೊಳೆ ಕಡವಿನಾಳದ ಹತ್ತಿರ ಬಂದಾಗ ಎರಡಾಗಿ ಒಡೆದು, ನಡುವೆ ಒಂದು ನಡುಗಡ್ಡೆಯನ್ನು ಬಿಟ್ಟು, ಮುಂದೆ ಮತ್ತೆ ಕೂಡಿಕೊಳ್ಳುತ್ತದೆ. ಊರ ದಡಕ್ಕೂ ನಡುಗಡ್ಡೆಗೂ ಮಧ್ಯೆ, ನೀರಲ್ಲಿ ಮಲಗಿದ ಎಮ್ಮೆಯ ಬೆನ್ನಿನಂತೆ ಒಂದು ಕರಿ ಬಂಡೆ ಕಾಣುತ್ತದೆ. ಬಂಡೆಯ ನೆತ್ತಿಯ ಮೇಲೆ ಕಲ್ಲುಗಳನ್ನು ನಿಲ್ಲಿಸಿ ಚಪ್ಪಡಿ ಹೊದಿಸಿದ ಒಂದು ಗೂಡಿದೆ. ಒಳಗೆ ಮೂರ್ತಿಯಿಲ್ಲ, ಲಿಂಗವಿಲ್ಲ, ಪಾದುಕೆಯೂ ಇಲ್ಲ. ಬಗ್ಗಿ ನೋಡಿದರೆ ಆಚೆಯ ನೀರು ಕಾಣುತ್ತದೆ, ಅಷ್ಟೇ. ಇದು ಯಾವ ದೇವರು ಎಂದು ಕೇಳಿದರೆ ಊರವರು ‘ಮಾಳವ್ವನ್ನ ಕರೆದಪ್ಪ’ ಎನ್ನುತ್ತಾರೆ. ಓದಿ ಬಂದವರಿಗೆ ಇದು ರುಚಿಸುವುದಿಲ್ಲ. ಇದೂ ಒಂದು ಹೆಸರೇ, ದೇವರಿಗೆ ಸಾವಿರ ನಾಮ ಇರುವಾಗ ನಿಮಗೆ ಒಂದೂ ಸಿಗಲಿಲ್ಲವೇ ಎಂದು ಹೀಯಾಳಿಸಿ ಹೋದವರುಂಟು. ಹೀಯಾಳಿಸಲಿ. ಆ ದೇವರಿಗೆ ಬೇರೆ ಹೆಸರೊಂದು ಇತ್ತು. ಈಗ ಅದನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ.

ಬಂದವರ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿಯಿದೆ. ಈಗ ಇಲ್ಲಿ ಮೋಟಾರು ದೋಣಿ ಓಡುತ್ತದೆ, ಹತ್ತುವವರಿಗೆಲ್ಲ ಕಿತ್ತಳೆ ಬಣ್ಣದ ಅಂಗಿ ತೊಡಿಸುತ್ತಾರೆ. ಆದರೆ ದೋಣಿಯವನು ಎಷ್ಟು ಮಂದಿ ಹತ್ತಿದರು ಎಂದು ಎಣಿಸುವುದಿಲ್ಲ. ಒಬ್ಬೊಬ್ಬರ ಹೆಸರು ಕೇಳಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ. ಹೊಸಬರು ಯಾರಾದರೂ ಬೆರಳು ಚಾಚಿ ತಲೆ ಎಣಿಸಲು ತೊಡಗಿದರೆ ಪಕ್ಕದಲ್ಲಿ ಕೂತ ಹೆಂಗಸು ಆ ಬೆರಳನ್ನು ಹಿಡಿದು ಕೆಳಗಿಳಿಸುತ್ತಾಳೆ. ಯಾಕೆ ಎಂದು ಆಗ ಕೇಳಬಾರದು. ದಡ ಸೇರಿದ ಮೇಲೆ ಕೇಳಿದರೆ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯ ಜನ ಸೇತುವೆ ಎಂಬ ಮಾತನ್ನೇ ಕೇಳಿರದ ಕಾಲದಲ್ಲಿ, ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲುಗಳೇ ಹೊಳೆ ದಾಟಿಸುತ್ತಿದ್ದವು. ಬಂಡೆಯ ಬುಡಕ್ಕೆ ಒಂದು ಮಡು ಇತ್ತು, ಈಗಲೂ ಇದೆ. ಬೇಸಿಗೆಯಲ್ಲಿ ಹೊಳೆಯೆಲ್ಲ ಬತ್ತಿ ಮರಳಾದರೂ ಅಲ್ಲಿ ಮಾತ್ರ ನೀರು ಕಪ್ಪಗೆ ನಿಂತಿರುತ್ತದೆ. ಅದರೊಳಗೆ ಏನೋ ಇತ್ತು. ಮೊಸಳೆಯಲ್ಲ, ಮೊಸಳೆಯನ್ನು ಆ ಜನ ಬೀದಿನಾಯಿಯಷ್ಟೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಇದಕ್ಕೆ ಹೆಸರಿಡುವ ಧೈರ್ಯ ಯಾರಿಗೂ ಆಗಿರಲಿಲ್ಲ, ‘ಕೆಳಗಿನದು’ ಎಂದಷ್ಟೇ ದನಿ ತಗ್ಗಿಸಿ ಹೇಳುತ್ತಿದ್ದರು. ಮೊಸಳೆ ಹಸಿದು ತಿನ್ನುತ್ತದೆ, ಕೆಳಗಿನದು ಎಣಿಸಿ ತಿನ್ನುತ್ತದೆ ಎಂಬುದು ಅಂಬಿಗರ ಮಾತು. ಹರಿಗೋಲು ಮಡುವಿನ ಮೇಲೆ ಬಂದಾಗ ತೊಗಲಿನ ಅಡಿಯಿಂದ ಒಂದೊಂದು ತಲೆಗೆ ಒಂದೊಂದು ಸಲ ಟಕ್ ಎಂದು ಬಡಿಯುತ್ತದೆ. ಯಾರ ಅಡಿಯಲ್ಲಿ ಬಡಿಯಿತೋ ಅವರು ಬಂಡೆಯ ದೇವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಹೇಳಿದರೆ ಬಿಟ್ಟು ಮುಂದಿನ ತಲೆಗೆ ಹೋಗುತ್ತದೆ. ಹೇಳದವರು ಅದರ ಪಾಲು.

ಹೀಗಾಗಿ ಕಡವಿನಾಳದಲ್ಲಿ ದೇವರ ಹೆಸರೆಂದರೆ ಭಕ್ತಿಗಿಂತ ಹೆಚ್ಚಾಗಿ ಜೀವ ಉಳಿಸುವ ಸಾಧನ. ಹುಟ್ಟಿದ ಮೊದಲ ಗಂಡುಮಗುವಿಗೆ ಅದೇ ಹೆಸರು ಇಡುತ್ತಿದ್ದರು. ಸಂತೆಯಲ್ಲಿ ನಿಂತು ಆ ಹೆಸರು ಹಿಡಿದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತಿತ್ತಂತೆ. ಗಂಡಸರಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಅವರನ್ನು ಕಟ್ಟಿಕೊಂಡ ಹೆಂಗಸರಿಗೆ. ಗಂಡನ ಹೆಸರನ್ನು ಹೆಂಡತಿಯಾದವಳು ಬಾಯಿಂದ ಆಡಬಾರದು, ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಮದುವೆಯ ದಿನ ಹೊಸಿಲ ಮೇಲೆ ನಿಲ್ಲಿಸಿ, ಗೆಳತಿಯರು ಚಿವುಟಿ ಚಿವುಟಿ, ಒಡಪು ಕಟ್ಟಿಸಿ ಒಮ್ಮೆ ಹೇಳಿಸುತ್ತಾರಲ್ಲ, ಅದೇ ಮೊದಲು, ಅದೇ ಕಡೆ. ಆಮೇಲೆ ‘ಇವರು’, ‘ನಮ್ಮವರು’, ‘ಮನಿಯವರು’. ಗಂಡನ ಹೆಸರೇ ದೇವರ ಹೆಸರಾದ ಹೆಂಗಸರು ಹೊಳೆ ದಾಟುವಾಗ ಅವರ ಬದಲಿಗೆ ಮನೆಯ ಗಂಡಸು ಹೇಳುತ್ತಿದ್ದ: ಮಾವ, ಮೈದುನ, ಇಲ್ಲವೇ ಗಂಡನೇ. ಹೊರಗಿನವನು ಹೇಳಿದರೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಂಥವರು ಒಂಟಿಯಾಗಿ ಹರಿಗೋಲು ಹತ್ತಿದ್ದೇ ಇಲ್ಲ ಎನ್ನುತ್ತಾರೆ.

ಮಾಳವ್ವ ಕುರುಬರ ಮನೆಗೆ ಸೊಸೆಯಾಗಿ ಬಂದವಳು, ಮೇಲಿನ ಎರೆ ಸೀಮೆಯವಳು. ಅವಳ ಗಂಡ ಮನೆಗೆ ಒಬ್ಬನೇ ಮಗ. ಹೆಸರು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಅತ್ತೆ ಮಾವ ತೀರಿಹೋಗಿದ್ದರು, ಮಕ್ಕಳು ಇನ್ನೂ ಆಗಿರಲಿಲ್ಲ. ಊರಲ್ಲಿ ಅವಳನ್ನು ಎಲ್ಲರೂ ‘ಕುರುಬರ ಸೊಸಿ’ ಎನ್ನುತ್ತಿದ್ದರು. ಗಂಡನೂ ಹೆಸರು ಹಿಡಿದು ಕರೆಯುವವನಲ್ಲ, ‘ಏ ಇಕಿನ’ ಎಂದರೆ ಮುಗಿಯಿತು. ತವರಿನ ತಾಯಿ ಸತ್ತ ಮೇಲೆ ‘ಮಾಳವ್ವಾ’ ಎಂದು ಯಾರಾದರೂ ಕೂಗಿದ್ದನ್ನು ಅವಳು ಕೇಳಿರಲೇ ಇಲ್ಲ. ಗಂಡನ ಹೆಸರಿನ ವಿಷಯದಲ್ಲಿ ಊರ ಹೆಂಗಸರೆಲ್ಲ ಹೆದರುತ್ತಿದ್ದರು ನಿಜ, ಆದರೆ ಮಾಳವ್ವನ ಹೆದರಿಕೆ ಕೇಳಿ ಕಲಿತದ್ದಲ್ಲ, ಕಂಡದ್ದು. ಅವಳು ಲಂಗ ಉಡುವ ವಯಸ್ಸಿನಲ್ಲಿ ಅಕ್ಕನ ಜೊತೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿದ್ದಳು. ಅಕ್ಕನ ಗಂಡ ಬದುವಿನ ಮೇಲೆ ಬೆನ್ನು ತಿರುಗಿಸಿ ನಿಂತಿದ್ದ. ಹಗ್ಗ ಹರಿದುಕೊಂಡ ಹೋರಿ ಹಿಂದಿನಿಂದ ನುಗ್ಗುತ್ತಿತ್ತು. ಅಕ್ಕ ದಿಕ್ಕು ತೋಚದೆ ಅವನ ಹೆಸರು ಹಿಡಿದು ಚೀರಿದಳು. ಅವನು ತಿರುಗಿದ. ತಿರುಗಿದ್ದಕ್ಕೇ ಕೋಡು ಹೊಟ್ಟೆಗೆ ನಾಟಿತು. ಅಕ್ಕ ಆಮೇಲೆ ಬದುಕಿದ್ದಷ್ಟು ದಿನವೂ ಬಾಯಿಗೆ ಸೆರಗು ಒತ್ತಿಕೊಂಡೇ ಇದ್ದಳು, ಊಟಕ್ಕೆ ಕೂತಾಗಲೂ. ಆ ಸೆರಗು ಮಾಳವ್ವನ ಕಣ್ಣಿಂದ ಎಂದೂ ಹೋಗಲಿಲ್ಲ.

ಒಂದು ವರ್ಷ ಶ್ರಾವಣದಲ್ಲಿ, ಊರಲ್ಲಿ ಹನಿ ಮಳೆಯಿಲ್ಲದಿದ್ದರೂ, ಮೇಲೆಲ್ಲೋ ಸುರಿದ ನೀರು ಹೊಳೆಗೆ ಒಮ್ಮೆಲೇ ಬಂದುಬಿಟ್ಟಿತು. ನಡುಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದವರು ಸಿಕ್ಕ ಹರಿಗೋಲು ಹತ್ತಿ, ಕುರಿಗಳನ್ನು ಈಜಿಸಿಕೊಂಡು, ಎದ್ದು ಬಿದ್ದು ಓಡಿ ಬಂದರು. ಬಂದವರಲ್ಲಿ ಮಾಳವ್ವನ ಗಂಡ ಇರಲಿಲ್ಲ. ಕೇಳಿದರೆ ಒಬ್ಬರ ಮೇಲೆ ಒಬ್ಬರು ಹಾಕಿದರು. ಅವನಿಗೆ ಚಳಿಜ್ವರ, ಏಳಲಾರದೆ ಗುಡಿಸಿಲಲ್ಲಿ ಬಿದ್ದಿದ್ದ, ಹಿಂದಿನ ಹರಿಗೋಲಿನವರು ಕರೆತರುತ್ತಾರೆ ಎಂದು ಮುಂದಿನವರು, ಮುಂದಿನವರು ಕರೆದೊಯ್ದಿರಬೇಕು ಎಂದು ಹಿಂದಿನವರು. ಹೀಗೆ ಎಲ್ಲರೂ ಸೇರಿ ಒಬ್ಬನನ್ನು ಬಿಟ್ಟು ಬಂದಿದ್ದರು. ನೀರು ಅಷ್ಟರಲ್ಲಿ ನಡುಗಡ್ಡೆಯ ಅಂಚಿನ ಜಾಲಿಗಳ ಕುತ್ತಿಗೆಗೆ ಬಂದಿತ್ತು. ಹೊತ್ತು ಮುಳುಗುವಷ್ಟರಲ್ಲಿ ನಡುಗಡ್ಡೆಯೂ ಮುಳುಗುತ್ತದೆ ಎಂದು ಗೊತ್ತಿದ್ದವರು ಹೇಳಿದರು.

ಅಂಬಿಗರಲ್ಲಿ ಆ ನೀರಿಗೆ ಹುಟ್ಟು ಹಾಕುವ ಎದೆ ಇದ್ದವನು ಪರಸಜ್ಜ ಒಬ್ಬನೇ. ಮಾಳವ್ವ ಓಡಿಹೋಗಿ ಅವನ ಕಾಲು ಹಿಡಿದಳು.

“ಯಜ್ಜಾ, ಹರಗೋಲ ಬಿಡು. ಹೊತ್ತ ಮುಣಗೂದರಾಗ ಅವರ್ನ ತರಬೇಕು.”

“ಬಿಡತೀನವ್ವಾ. ನನ್ನ ಜೀವದ ಆಸೆ ಎಂದೋ ಮುಗದೈತಿ. ಆದರ ಎಚ್ಚರ ಇಲ್ಲದಾವನ ಎತ್ತಾಕ ಇನ್ನೊಂದ ಆಳ ಬೇಕು. ನೀ ಬಂದರ ನಿನ್ನ ಪರವಾಗಿ ಹೆಸರ ಹೇಳಾವ ಯಾರು? ನಿಮ್ಮನಿ ಗಂಡಸರು ಯಾರರ ಅದಾರೇನು?”

“ನಮ್ಮನಿ ಗಂಡಸಂದರ ಅವರೊಬ್ಬರ, ಯಜ್ಜಾ. ಅವರ ಅಲ್ಲಿ ಅದಾರ.”

ಪರಸಜ್ಜ ದಡದಲ್ಲಿ ನಿಂತವರನ್ನೆಲ್ಲ ನೋಡಿದ. ಊರ ಗಂಡಸರಿಗೆ ಆ ಗಳಿಗೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಯಿತು. ಒಬ್ಬನ ಎತ್ತು ಬಿಚ್ಚಿಕೊಂಡಿತ್ತು, ಒಬ್ಬನ ಮಾಳಿಗೆ ಸೋರುತ್ತಿತ್ತು, ಇನ್ನೊಬ್ಬನಿಗೆ ಸೊಂಟ ಹಿಡಿದಿತ್ತು. ಕಷ್ಟದಲ್ಲಿ ಯಾರಿಗೆ ಯಾರು ಎಂದು ಸುಮ್ಮನೆ ಹೇಳಿದ್ದಾರೆಯೇ. ಮಾಳವ್ವ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು. “ನಾನ ಹೇಳತೀನಿ. ನಡಿ,” ಎಂದಳು. ದಡದ ಮೇಲಿದ್ದ ಮುದುಕಿಯೊಬ್ಬಳು ಎರಡೂ ಕಿವಿ ಮುಚ್ಚಿಕೊಂಡಳಂತೆ. ಪರಸಜ್ಜ ಅವಳ ಮುಖವನ್ನೇ ನೋಡಿದ. “ಹೇಳತೀನಿ ಅಂದು ಅಲ್ಲಿ ಹೋಗಿ ಬಾಯಿ ಮುಚ್ಚಬ್ಯಾಡ, ಮಗಳ. ನನ್ನ ತಮ್ಮ ಚ್ಯಾಷ್ಟಿಗೆ ಬಾಯಿ ಮುಚ್ಚಿದ್ದ. ನೀರ ಸಿಡೀಲಿಲ್ಲ, ಕೂಗಲಿಲ್ಲ. ಕುಂತ ಜಾಗ ಬರಿದಾಗಿತ್ತು,” ಎಂದು ಹೇಳಿ ಹರಿಗೋಲು ನೀರಿಗೆ ತಳ್ಳಿದ.

ಹೊಳೆಯ ಮೇಲೆ ಹೋದ ಮೇಲೆ ಮಾಳವ್ವನಿಗೆ ತಾನು ಎಂಥ ಮಾತು ಕೊಟ್ಟೆ ಎಂಬುದು ಅರಿವಾಯಿತು. ಹೇಳಿದರೆ ಅವನು ಸಾಯುತ್ತಾನೆ. ಎಲ್ಲಿದ್ದರೂ ಅಲ್ಲೇ, ಆ ಕ್ಷಣವೇ, ಅಕ್ಕನ ಗಂಡನ ಹಾಗೆ. ಹೇಳದಿದ್ದರೆ ಕೆಳಗಿನದು ತನ್ನನ್ನು ತೆಗೆದುಕೊಳ್ಳುತ್ತದೆ, ಮುದುಕ ಒಬ್ಬನೇ ಅವನನ್ನು ಎತ್ತಲಾರ, ಆಗಲೂ ಅವನು ಸಾಯುತ್ತಾನೆ. ಅತ್ತ ದರಿ ಇತ್ತ ಪುಲಿ. ಅವಳು ಹರಿಗೋಲಿನ ಅಂಚಿನ ಬಿದಿರನ್ನು ಉಗುರು ಕೀಳುವಷ್ಟು ಬಿಗಿಯಾಗಿ ಹಿಡಿದು ಕೂತಳು. ಸುತ್ತ ಕೆಂಪು ನೀರು ಗಿಡಗಂಟಿಗಳನ್ನು, ಸತ್ತ ಕರುಗಳನ್ನು, ಯಾರದೋ ಮನೆಯ ಬಾಗಿಲನ್ನು ಹೊತ್ತು ಓಡುತ್ತಿತ್ತು. ಮೋಡ ಕವಿದು ಹಗಲೇ ಮಬ್ಬಾಗಿತ್ತು, ನೀರಿನ ತುಂತುರಿನಲ್ಲಿ ಬಂಡೆ ಎಲ್ಲಿದೆ ಎಂಬುದೂ ಕಾಣುತ್ತಿರಲಿಲ್ಲ. ಆಮೇಲೆ ಸದ್ದು ಕಡಿಮೆಯಾಯಿತು. ಹೊಳೆಯ ಮೊರೆತ ದೂರ ಹೋದ ಹಾಗಾಗಿ ಹರಿಗೋಲು ತನ್ನಷ್ಟಕ್ಕೆ ತಾನೇ ಮೆಲ್ಲಗೆ ಸುತ್ತತೊಡಗಿತು. ಮಡು ಬಂತು ಎಂದು ಪರಸಜ್ಜ ಹೇಳಬೇಕಾಗಿಯೇ ಇರಲಿಲ್ಲ.

ಟಕ್ ಎಂದಿತು, ಪರಸಜ್ಜನ ಕಾಲಡಿಯಲ್ಲಿ. ಅವನು ದೇವರ ಹೆಸರನ್ನು ಗಂಟಲು ಹರಿಯುವ ಹಾಗೆ ಕೂಗಿದ. ತೊಗಲಿನ ಅಡಿಯಲ್ಲಿ ಏನೋ ಸವರಿಕೊಂಡು, ನಿಧಾನವಾಗಿ, ಆತುರವೇನೂ ಇಲ್ಲದ ಹಾಗೆ, ಮಾಳವ್ವ ಕೂತಿದ್ದ ಕಡೆಗೆ ಬಂತು. ಅದರ ತಣ್ಣನೆಯ ಮೈ ತೊಗಲನ್ನು ದಾಟಿ ಅವಳ ಅಂಗಾಲಿಗೆ ತಿಳಿಯಿತು. ಟಕ್. ಮಾಳವ್ವ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕಣ್ಣ ಮುಂದೆ ಹೋರಿ ಬಂತು, ಅಕ್ಕನ ಸೆರಗು ಬಂತು. ಬಾಯಿ ತಾನಾಗಿ ಮುಚ್ಚಿಕೊಂಡಿತು. “ಹೇಳ ಮಗಳ, ಹೇಳ!” ಎಂದು ಪರಸಜ್ಜ ಅರಚಿದ. ಟಕ್, ಮತ್ತೆ. ಈ ಸಲ ಬಡಿದದ್ದು ಅವಳ ಬೆನ್ನ ಹಿಂದೆ, ಅಂಚಿನ ಹತ್ತಿರ. ಅವಳಿಗೆ ಅಳು ಬಂತು. ಹೆದರಿಕೆಗೆ ಬಂದ ಅಳು ಅದು, ಮುಚ್ಚಿಡುವುದೇನು. ಅಳುತ್ತಲೇ ಬಂಡೆ ಇರಬೇಕಾದ ದಿಕ್ಕಿಗೆ ಮುಖ ಮಾಡಿ ಅಂದಳು:

“ಯಪ್ಪಾ, ನಿನ್ನ ಹೆಸರ ನನ್ನ ಬಾಯಾಗ ಬರೂದಿಲ್ಲ. ಸಿಟ್ಟಾಗಬ್ಯಾಡ. ನನ್ನ ಹೆಸರ ನಿನಗ ಗೊತ್ತಿದ್ದರ ನೀನ ಕರಿ.”

ಸುತ್ತು ನಿಲ್ಲಲಿಲ್ಲ. ಹರಿಗೋಲಿನ ಒಂದು ಅಂಚು ತಗ್ಗಿ ನೀರು ಒಳಗೆ ಬಂತು. ಆಗ ಆ ಮಬ್ಬಿನೊಳಗಿಂದ, ಹತ್ತಿರದಿಂದಲೋ ದೂರದಿಂದಲೋ ಹೇಳಲಾಗದ ಹಾಗೆ, ಒಂದು ದನಿ ಕೇಳಿಸಿತು.

“ಮಾಳವ್ವಾ…”

ಪರಸಜ್ಜನ ಕೈಯಲ್ಲಿ ಹುಟ್ಟು ನಿಂತಿತು. “ಯಾರ್ನ ಕರಿಯಾಕತ್ತೈತಿ ಅದು? ಮಾಳವ್ವ ಅಂದರ ಯಾರು?” ಎಂದ. “ನಾನ, ಯಜ್ಜಾ,” ಎಂದಳು ಮಾಳವ್ವ. ಮುದುಕ ಕೂಗಿಕೊಂಡ: “ಓ ಅನಬ್ಯಾಡ! ಓ ಅಂದಿ ಅಂದರ ಹೋದಿ!”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಕಾಣದ ಕಡೆಯಿಂದ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡಬಾರದು ಎಂದು ಎಳೆ ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ಮಾಳವ್ವನಿಗೂ ತಾಯಿ ಹೇಳಿಕೊಟ್ಟಿದ್ದಳು. ದನಿ ಮತ್ತೆ ಬರಲಿಲ್ಲ. ಅಡಿಯಲ್ಲಿ ಸವರುವುದು ಮಾತ್ರ ನಡೆದೇ ಇತ್ತು. ಆ ಗಳಿಗೆಯಲ್ಲಿ ಅವಳಿಗೆ ಒಂದು ವಿಚಾರ ಹೊಳೆಯಿತು. ಅದನ್ನು ಅವಳು ಮುದುಕಿಯಾಗುವವರೆಗೂ ಹೇಳುತ್ತಿದ್ದಳಂತೆ. ಕೆಳಗಿನದು ಇಷ್ಟು ಕಾಲ ಈ ಹೊಳೆಯಲ್ಲಿದೆ, ಇಷ್ಟು ಜನರನ್ನು ತಿಂದಿದೆ. ಒಬ್ಬರನ್ನಾದರೂ ಹೆಸರು ಹಿಡಿದು ಕರೆದದ್ದುಂಟೇ? ಅದಕ್ಕೆ ತಲೆ ಗೊತ್ತು, ಹೆಸರು ಗೊತ್ತಿಲ್ಲ. ಕಟುಕ ಕುರಿಯನ್ನು ಎಣಿಸುತ್ತಾನೆ. ಹೆಸರಿಟ್ಟು ಕರೆಯುವವನು ಸಾಕಿದವನು. ಕುರುಬರ ಮನೆಯ ಸೊಸೆಗೆ ಇದನ್ನು ಬೇರೆಯವರು ಹೇಳಿಕೊಡಬೇಕೇ. ಪರಸಜ್ಜ ಬೇಡ ಬೇಡ ಎನ್ನುತ್ತಿದ್ದಂತೆಯೇ ಮಾಳವ್ವ ಕಣ್ಣು ಮುಚ್ಚಿ, ತವರಿನ ಅಂಗಳದಲ್ಲಿ ತಾಯಿಗೆ ಉತ್ತರ ಕೊಡುವವಳ ಹಾಗೆ, “ಓ…” ಎಂದಳು.

ಬಡಿತ ನಿಂತಿತು. ಸವರುವುದೂ ನಿಂತಿತು. ಪರಸಜ್ಜ ಆ ದನಿ ಬಂದ ದಿಕ್ಕಿಗೆ ಹುಟ್ಟು ಹಾಕಿದ. ನಾಲ್ಕಾರು ಸಲ ಹಾಕುವಷ್ಟರಲ್ಲಿ ಹರಿಗೋಲಿನ ಅಂಚು ಕಲ್ಲಿಗೆ ಉಜ್ಜಿತು. ಬಂಡೆಯ ಮರೆಯಲ್ಲಿ ನೀರು ಸಮಾಧಾನವಾಗಿತ್ತು, ಅಲ್ಲಿಂದ ನಡುಗಡ್ಡೆಗೆ ದಾರಿಯೂ ಸಿಕ್ಕಿತು. ಮಾಳವ್ವನ ಗಂಡ ಗುಡಿಸಿಲಿಂದ ಹೇಗೋ ತೆವಳಿ ಬಂದು ಕಂಬಳಿಯಿಂದ ತನ್ನನ್ನು ಜಾಲಿ ಮರಕ್ಕೆ ಕಟ್ಟಿಕೊಂಡಿದ್ದ, ನೀರು ಎದೆಯವರೆಗೆ ಬಂದಿತ್ತು, ತಲೆ ಜೋತುಬಿದ್ದಿತ್ತು. ಮಾಳವ್ವ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಉಸಿರು ಬೆಚ್ಚಗೆ ತಾಗಿತು. ಇಬ್ಬರೂ ಅವನನ್ನು ಎಳೆದು ಹಾಕಿಕೊಂಡು, ಮಡುವಿನ ಸಹವಾಸವೇ ಬೇಡವೆಂದು ನಡುಗಡ್ಡೆಯ ಆಚೆಗಿನ ಸೆಳವಿಗೆ ಬಿದ್ದು, ಎಲ್ಲೋ ಕೆಳಗೆ ಬೇರೆ ಊರಿನ ದಡ ಸೇರಿದರು. ಹರಿಗೋಲು ಮಗುಚಿ ಹಾಕಿ ನೋಡಿದಾಗ ಮಾಳವ್ವ ಕೂತಿದ್ದ ಜಾಗದ ಅಡಿಯಲ್ಲಿ ತೊಗಲು ಹಾಳೆಯಷ್ಟು ತೆಳ್ಳಗೆ ಸವೆದಿತ್ತು ಎನ್ನುತ್ತಾರೆ.

ಜ್ವರ ಬಿಟ್ಟ ಮೇಲೆ ಮಾಳವ್ವ ಗಂಡನನ್ನು ಕೇಳಿದಳು, “ನೀವೇನರ ನನ್ನ ಕರದ್ರೇನು?” ಅವನು ಅವಳನ್ನೇ ವಿಚಿತ್ರವಾಗಿ ನೋಡಿ, “ನೀರ ನೀರ ಅನ್ನಾಕ ನಾಲಿಗಿ ಹೊಳ್ಳತಿರಲಿಲ್ಲ. ಅಲ್ಲ, ನಾ ಯಾವಾಗ ನಿನ್ನ ಹೆಸರ ಹಿಡದ ಕರದೀನಿ?” ಎಂದನಂತೆ. ಜ್ವರದ ಬಡಬಡಿಕೆಯಲ್ಲಿ ಅವನೇ ಕೂಗಿರಬೇಕು, ಗಾಳಿ ಹೊತ್ತು ತಂದಿರಬೇಕು ಎಂದು ವಾದಿಸುವ ಜಾಣರು ಆಗಲೂ ಇದ್ದರು, ಈಗಲೂ ಇದ್ದಾರೆ. ವಾದಿಸಲಿ. ಮಡುವಿನ ಮೇಲೆ ಹೋದಾಗ ಆ ಜಾಣರ ಮುಖ ನೋಡಬೇಕು.

ಮಾಳವ್ವನ ಗಂಡ ತುಂಬಾ ಕಾಲ ಬಾಳಿ, ಮೊಮ್ಮಕ್ಕಳನ್ನು ಆಡಿಸಿ, ತನ್ನ ಕಂಬಳಿಯ ಮೇಲೆಯೇ ಸತ್ತ. ದಿನ ಕರ್ಮಗಳು ಮುಗಿದ ಮೇಲೆ ಊರ ಹೆಂಗಸರು ಅವಳ ಬಳಿ ಬಂದು ಕೂತರು. ಇನ್ನು ನಿನಗೆ ಆ ತಡೆ ಇಲ್ಲ, ನಿನ್ನನ್ನು ಉಳಿಸಿದವನ ಹೆಸರನ್ನು ಒಮ್ಮೆಯಾದರೂ ಬಾಯಿ ತುಂಬಾ ಹೇಳು ಎಂದರು. “ಅವನ ಹೆಸರ ನನಗ ಗೊತ್ತಿತ್ತು, ಅದಕ್ಕೇನ ನಾ ಉಳೀಲಿಲ್ಲ. ನನ್ನ ಹೆಸರ ಅವಗ ಗೊತ್ತಿತ್ತು, ಅದಕ್ಕ ಉಳದೆ,” ಎಂದಳು ಮಾಳವ್ವ. ಆ ಮಾತು ಹೆಂಗಸರ ಬಾಯಿಂದ ಬಾಯಿಗೆ ಹೋಯಿತು. ಹೊಸದಾಗಿ ಹುಟ್ಟಿದ ಗಂಡುಮಕ್ಕಳಿಗೆ ಆ ಹೆಸರಿಡುವುದನ್ನು ತಾಯಂದಿರು ಬಿಟ್ಟರು, ಮುಂದೆ ಬರುವ ಸೊಸೆಯಂದಿರಿಗೆ ಆ ಸಂಕಟ ಬೇಡವೆಂದು. ಅಂಬಿಗರು ಮಡುವಿನ ಮೇಲೆ ದೇವರ ಹೆಸರು ಹೇಳಿಸುವುದನ್ನು ಬಿಟ್ಟು, ದೇವರು ಮಾಡಿದಂತೆಯೇ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯತೊಡಗಿದರು. ಹೀಗೆ ತಲೆಮಾರು ಉರುಳಿ ಆ ಹಳೆಯ ಹೆಸರು ಯಾರಿಗೂ ನೆನಪಿಲ್ಲದ ಹಾಗಾಯಿತು.

ಈಗಲೂ ದೋಣಿ ಬಂಡೆಯ ಹತ್ತಿರ ಬಂದಾಗ ಮೋಟಾರು ನಿಲ್ಲಿಸುತ್ತಾರೆ. ಹರಟುತ್ತಿದ್ದವರು, ಫೋಟೋ ತೆಗೆಯುತ್ತಿದ್ದವರು ಎಲ್ಲ ಸುಮ್ಮನಾಗುತ್ತಾರೆ. ದೋಣಿ ಮೆಲ್ಲಗೆ ತಿರುಗುತ್ತದೆ. ದೋಣಿಯವನು ಒಬ್ಬೊಬ್ಬರ ಹೆಸರು ಕರೆಯುತ್ತಾನೆ. ಅವರು ‘ಓ’ ಎನ್ನುತ್ತಾರೆ. ಎಲ್ಲರದೂ ಆದ ಮೇಲೆ ಅವನು ಖಾಲಿ ಗೂಡಿನ ಕಡೆಗೆ ತಿರುಗಿ, ಕೊನೆಯದಾಗಿ ಇನ್ನೊಂದು ಹೆಸರು ಕರೆಯುತ್ತಾನೆ: “ಮಾಳವ್ವಾ…” ಆ ಹೆಸರಿನವರು ದೋಣಿಯಲ್ಲಿ ಇರುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಯಾರೂ ಮಿಸುಕುವುದಿಲ್ಲ. ಆ ಹೊತ್ತಿನಲ್ಲಿ ದೋಣಿಯ ಅಡಿಯಲ್ಲಿ ಟಕ್ ಎಂದು ಕೇಳಿಸಿದರೆ ಅದು ಅಲೆಯೇ ಇರಬೇಕು, ಮರದ ತುಂಡೇ ಇರಬೇಕು. ಆದರೂ ತಾಯಂದಿರು ಮಕ್ಕಳನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ದೋಣಿಯಲ್ಲಿದ್ದ ಹೆಂಗಸರೆಲ್ಲ, ಗುರುತಿದ್ದವರೂ ಇಲ್ಲದವರೂ, ಒಟ್ಟಾಗಿ “ಓ…” ಎನ್ನುತ್ತಾರೆ, ಮತ್ತು ದೋಣಿ ಮುಂದೆ ಹೋಗುತ್ತದೆ.